ಬಿಚ್ಚಲೊಲ್ಲದ ವೀಲ್ ನಟ್: ಹೊಸದಾಗಿ ಕಾರು ತಗೊಂಡವನಿಗೆ ಕಿವಿಮಾತು

ನಟ್ ಅಲ್ಲಾಡದಿದ್ದರೆ ನಮ್ಮ ಕರಾವಳಿಯಲ್ಲಿ ಎಲ್ಲರೂ ದೂರುವುದು ಉಪ್ಪುಗಾಳಿಯನ್ನು. ತುಕ್ಕು ಹೌದು ಮಾರಾಯಾ, ಆದರೆ ಅದಕ್ಕಿಂತ ದೊಡ್ಡ ಅಪರಾಧಿ ಟೈರ್ ಅಂಗಡಿಯ ಏರ್ ಗನ್. ಸಣ್ಣ ಕಾರಿನ ನಟ್‌ಗೆ ಬೇಕಾದ ಬಿಗಿ ಹೆಚ್ಚುಕಡಿಮೆ 85ರಿಂದ 120 ನ್ಯೂಟನ್ ಮೀಟರ್. ಹುಡುಗ ಗನ್ ಒತ್ತಿ ಹಿಡಿದನೋ, ಆ ಲೆಕ್ಕ ಎಲ್ಲಿಯೋ ದಾಟಿರುತ್ತದೆ.

• ಜಾಕಿ ಆಮೇಲೆ. ಚಕ್ರ ನೆಲದಲ್ಲಿರುವಾಗಲೇ ನಟ್ ಸಡಿಲಿಸು. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ಹಾಕಿ, ಇನ್ನೊಂದು ಚಕ್ರಕ್ಕೆ ಕಲ್ಲು ಕೊಡು.

• ಸ್ಪ್ಯಾನರ್ ನಟ್‌ನ ಬುಡದವರೆಗೆ ಕೂರಬೇಕು. ಅದರ ಹಿಡಿ ನಿನ್ನ ಎಡಕ್ಕೆ, ಗಡಿಯಾರದಲ್ಲಿ ಒಂಬತ್ತು ಇರುವ ಕಡೆಗೆ ಅಡ್ಡ ಬರಲಿ. ಆಗ ಕೆಳಕ್ಕೆ ಒತ್ತಿದರೆ ಸಾಕು. 60 ಕೆಜಿ ತೂಕದವನು 30 ಸೆಂ.ಮೀ. ಹಿಡಿಯ ತುದಿಗೆ ಭಾರ ಬಿಟ್ಟರೆ ಸುಮಾರು 175 ನ್ಯೂಟನ್ ಮೀಟರ್ ಬೀಳುತ್ತದೆ. ಕಬ್ಬಿಣದ ಪೈಪ್ ತೂರಿಸಿ ಉದ್ದ ಇಮ್ಮಡಿ ಮಾಡಿದರೆ ಬಲವೂ ಇಮ್ಮಡಿ. ಮೇಲೆ ಹತ್ತಿ ಕುಣಿಯಬೇಡ. ಜಾರಿದರೆ ನಟ್‌ನ ಮೂಲೆಯೂ ಹೋಯಿತು, ಮೊಣಕಾಲ ಚಿಪ್ಪೂ ಹೋಯಿತು.

• ಆದರೂ ಬಾರದಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಇಪ್ಪತ್ತು ನಿಮಿಷ ಬಿಡು. ಬ್ರೇಕ್ ಡಿಸ್ಕ್‌ಗೆ ತಾಗದಂತೆ ನೋಡಿಕೋ. ಮನೆಯ ತೆಂಗಿನೆಣ್ಣೆ ತಲೆಗೇ ಇರಲಿ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ ನೋಡು. ತುಕ್ಕು 'ಟಕ್' ಎಂದು ಬಿಡುವುದುಂಟು.

• ನಟ್ ಸವೆದು ಉರುಟಾಗಿದ್ದರೆ ಸ್ಪ್ಯಾನರ್ ಕೆಳಗಿಡು. 19 ಮಿ.ಮೀ. ನಟ್‌ಗೆ 18 ಮಿ.ಮೀ.ನ ಹನ್ನೆರಡು ಮೂಲೆಯ ಸಾಕೆಟ್ ಬಡಿದು ಕೂರಿಸಿ ತಿರುಗಿಸುತ್ತಾರೆ, ಅದು ಗ್ಯಾರೇಜಿನವರ ಕೆಲಸ. ಯಾರಾದರೂ ಟೈರ್ ಇರುವ ಚಕ್ರಕ್ಕೆ ಗ್ಯಾಸ್ ಬೆಂಕಿ ಹಿಡಿಯಲು ಬಂದರೆ ಅಲ್ಲೇ ತಡೆ. ಕಾದ ಟೈರ್ ಸಿಡಿದರೆ ಜೀವವೇ ಹೋಗುತ್ತದೆ.

• ನಟ್ ಕೂರುವ ಸ್ಟಡ್ಡೇ ತುಂಡಾಯಿತಾ? ಗಾಬರಿ ಬೇಡ. ಹೆಚ್ಚಿನ ಕಾರುಗಳಲ್ಲಿ ಅದನ್ನು ಹಬ್‌ಗೆ ಹಿಂದಿನಿಂದ ಒತ್ತಿ ಕೂರಿಸಿರುತ್ತಾರೆ. ಬಡಿದು ತೆಗೆದು ಹೊಸದು ಹಾಕಬಹುದು. "ಹಬ್ಬೇ ಬದಲಿಸಬೇಕು" ಎಂದರೆ ಯಾಕೆ ಅಂತ ಕೇಳು. ಫೋಕ್ಸ್‌ವ್ಯಾಗನ್, ಸ್ಕೋಡಾಗಳಲ್ಲಿ ಸ್ಟಡ್ ಬದಲು ಬೋಲ್ಟ್ ಇರುತ್ತದೆ. ಅದು ತುಂಡಾದರೆ ಅರ್ಧ ಹಬ್‌ನೊಳಗೇ ಉಳಿಯುತ್ತದೆ, ಕೊರೆದು ತೆಗೆಯಲು ಪಳಗಿದ ಕೈಯೇ ಬೇಕು. ನಾಲ್ಕು ನಟ್‌ನ ಚಕ್ರದಲ್ಲಿ ಮೂರೇ ಉಳಿದಿದ್ದರೆ ಶಿರಾಡಿ ಘಾಟಿ ಇಳಿಯುವ ಸಾಹಸ ಬೇಡ. ನಿಧಾನವಾಗಿ ಹತ್ತಿರದ ಗ್ಯಾರೇಜ್ ಸೇರು.

• ನಟ್ ಮತ್ತೆ ಹಾಕುವಾಗ ಅದರ ಇಳಿಜಾರು ಮುಖ ಒಳಗೆ. ಮೊದಲ ಸುತ್ತುಗಳು ಬರಿಗೈಯಲ್ಲಿ, ಆಮೇಲೆ ಎದುರುಬದುರಾಗಿ ಬಿಗಿ ಮಾಡು. ಗ್ರೀಸ್ ಬೇಡ. ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡು.

• ಮುಂದಿನ ಸಲ ಪಂಕ್ಚರ್ ಹಾಕಿಸುವಾಗ ಮೊಬೈಲ್ ನೋಡುತ್ತಾ ಕೂರಬೇಡ. ಪಕ್ಕದಲ್ಲಿ ನಿಂತು, "ಕೊನೆಯ ಬಿಗಿ ಕೈಯಲ್ಲೇ ಮಾಡಪ್ಪಾ" ಅಂತ ಹೇಳು.