ಹಾಡಾಗಿ ಬಂದ ಪತ್ರ

ಹಾಡು ಎಂದೊಡನೆ ಅದು ಅನುವದನೀಯವೇ ನಿಷಿದ್ಧವೇ ಎಂಬ ಚರ್ಚೆ ಶುರುವಾಗುತ್ತದೆ. ಆ ಚರ್ಚೆಗೆ ವಿದ್ವಾಂಸರಿದ್ದಾರೆ. ಇಲ್ಲಿ ನಿಮ್ಮ ಮುಂದಿಡುವ ಪ್ರಶ್ನೆ ಬೇರೆ. ಒಂದು ಹಾಡು ನಮ್ಮದೇ ಮನೆಯ ಸಂಕಟವನ್ನು ಹೇಳಿದರೆ, ಕೇಳಿದವರ ಹೊಣೆ ಏನು?

ಹ. ಉಮರ್(ರ)ರ ಆಡಳಿತ ಕಾಲದ ಒಂದು ಘಟನೆಯನ್ನು ನೀವು ಕೇಳಿರಬಹುದು. ಖಲೀಫರು ರಾತ್ರಿ ಮದೀನಾದ ಬೀದಿಗಳಲ್ಲಿ ಸುತ್ತುತ್ತಿದ್ದಾಗ ಒಂದು ಮನೆಯೊಳಗಿಂದ ಹೆಣ್ಣಿನ ದನಿ ಕೇಳಿಸಿತು. ರಾತ್ರಿ ದೀರ್ಘವಾಗಿದೆ, ಜತೆಗಾರನಿಲ್ಲ, ಅಲ್ಲಾಹನ ಭಯವೊಂದೇ ತನ್ನನ್ನು ತಡೆದಿದೆ ಎಂಬ ಅರ್ಥದ ಪದ್ಯವನ್ನು ಅವಳು ಹೇಳಿಕೊಳ್ಳುತ್ತಿದ್ದಳು. ಅವಳ ಪತಿ ಸೈನ್ಯದಲ್ಲಿ ದೂರ ಹೋಗಿದ್ದ. ಉಮರ್(ರ) ಅವಳನ್ನು ಗದರಿಸಲಿಲ್ಲ. ತಮ್ಮ ಪುತ್ರಿ ಹ. ಹಫ್ಸಾ(ರ)ರ ಬಳಿ ಹೋಗಿ, ಪತಿಯಿಲ್ಲದೆ ಸ್ತ್ರೀ ಎಷ್ಟು ಕಾಲ ಸಹಿಸಬಲ್ಲಳು ಎಂದು ವಿಚಾರಿಸಿದರು. ನಾಲ್ಕು ತಿಂಗಳೆಂದೂ ಆರು ತಿಂಗಳೆಂದೂ ವರದಿಗಳಿವೆ. ಒಂದು ವರದಿಯಂತೆ ಹೋಗಲು ಒಂದು ತಿಂಗಳು, ಅಲ್ಲಿರಲು ನಾಲ್ಕು, ಮರಳಲು ಒಂದು. ಸೈನಿಕರನ್ನು ಆ ಅವಧಿಗಿಂತ ಹೆಚ್ಚು ನಿಲ್ಲಿಸಿಕೊಳ್ಳಬಾರದೆಂದು ಆಜ್ಞೆ ಹೊರಟಿತು. ಒಬ್ಬ ಹೆಣ್ಣಿನ ಪದ್ಯ ಸೈನ್ಯದ ಕಾನೂನನ್ನೇ ಬದಲಿಸಿತು!

ಈಗ ನಮ್ಮ ಕಾಲಕ್ಕೆ ಬನ್ನಿರಿ. 1973ರ ಬಳಿಕ ತೈಲದ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ಕೆಲಸ ಹೆಚ್ಚಿತು. ಮಲಬಾರಿನಿಂದಲೂ ನಮ್ಮ ಭಟ್ಕಳ, ಉಡುಪಿ, ಮಂಗಳೂರು ಕಡೆಯಿಂದಲೂ ಯುವಕರು ಹೊರಟರು. ಆ ದಶಕದ ಉತ್ತರಾರ್ಧದಲ್ಲಿ ನಿಲಂಬೂರಿನ ಎಸ್.ಎ. ಜಮೀಲ್ (ನಿಧನ 2011) ‘ದುಬೈ ಕತ್ತು ಪಾಟ್ಟು’ ಎಂಬ ಮಾಪಿಳ್ಳ ಹಾಡನ್ನು ರಚಿಸಿದರು. ದುಬೈಯ ಪತ್ರದ ಹಾಡು ಎಂದು ಅದರ ಅರ್ಥ. ಪತ್ನಿಯೊಬ್ಬಳು ದೂರದ ಪತಿಗೆ ಬರೆಯುವ ಕಾಗದ ಅದು. ಕೆಲವೇ ದಿನ ಮನೆಯಲ್ಲಿದ್ದು ಹೋದವನು. ತಂದೆಯನ್ನು ಕೇಳುವ ಮಗು. ಹಣ ಬರುತ್ತದೆ, ಯೌವನ ಹೋಗುತ್ತದೆ. ಪತಿಯ ಉತ್ತರವಾಗಿ ಇನ್ನೊಂದು ಹಾಡೂ ಬಂತು. ಕ್ಯಾಸೆಟ್ಟುಗಳಲ್ಲಿ ಅವು ಕೊಲ್ಲಿಯ ಕಾರ್ಮಿಕರ ಕೋಣೆಗಳನ್ನೂ ಊರಿನ ಮನೆಗಳನ್ನೂ ತಲುಪಿದವು. ಮಲಯಾಳ ಬಲ್ಲ ನಮ್ಮ ಬ್ಯಾರಿ ಮನೆಗಳಲ್ಲೂ ಕೇಳಿದವರಿದ್ದಾರೆ.

ಇಂತಹ ಮಾತನ್ನು ಬಹಿರಂಗವಾಗಿ ಹಾಡಬಹುದೇ ಎಂದು ಮುಖ ಸಿಂಡರಿಸಿಕೊಂಡವರಿಗೆ ಕೊರತೆಯಿರಲಿಲ್ಲ. (ಅದೇ ಮಾತನ್ನು ಮನೆಯೊಳಗೆ ಮೆಲ್ಲನೆ ಹೇಳಿದಾಗ ಕಿವಿಗೊಟ್ಟವರು ಎಷ್ಟು ಮಂದಿ?) ಅಂದಿನಿಂದ ಬಹಳಷ್ಟು ಬದಲಾಗಿದೆ. ಕ್ಯಾಸೆಟ್ ಹೋಗಿ ವಿಡಿಯೊ ಕಾಲ್ ಬಂದಿದೆ. 2015ರಲ್ಲಿ ಬಂದ ‘ಪತ್ತೇಮಾರಿ’ ಚಿತ್ರ, ದುಡಿದು ದುಡಿದು ಕೊಲ್ಲಿಯಲ್ಲೇ ಆಯುಸ್ಸು ಸವೆಸಿದವನ ಬಾಳನ್ನು ತೋರಿಸಿತು. ಆದರೆ ಪರದೆಯ ಮೇಲೆ ಕಾಣುವ ಮುಖ ಜ್ವರ ಬಂದ ಮಗುವಿನ ಹಣೆ ಮುಟ್ಟಲಾರದು.

ಎಲ್ಲ ತಪ್ಪನ್ನೂ ಪತಿಯ ತಲೆಗೆ ಕಟ್ಟುವುದು ಅನ್ಯಾಯ. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್, ಅಥವಾ ವಸತಿಯೊಂದಿಗೆ 3,000 ದಿರ್ಹಮ್ ಸಂಬಳವಿರಬೇಕೆಂದು 2019ರಲ್ಲಿ ನಿಗದಿಯಾಯಿತು. ಅದಕ್ಕಿಂತ ಕಡಿಮೆ ಪಡೆಯುವವನು ಏನು ಮಾಡಬೇಕು? ಅಲ್ಲದೆ ತಂಗಿಯ ಮದುವೆ, ಮನೆಯ ಸಾಲ, ತಮ್ಮನ ಓದು ಎಂದು ಊರಿನಿಂದ ಪಟ್ಟಿ ಕಳುಹಿಸುವವರು ನಾವೇ. ಅವನು ‘ಬಂದುಬಿಡಲೇ’ ಎಂದಾಗ ‘ಇನ್ನೊಂದು ವರ್ಷ ನೋಡು’ ಎನ್ನುವವರೂ ನಾವೇ.

ಪತ್ನಿಯಿಂದ ದೂರವಿರುವೆನೆಂದು ಆಣೆ ಹಾಕಿದವನಿಗೆ ಪವಿತ್ರ ಕುರ್‌ಆನ್ ನಾಲ್ಕು ತಿಂಗಳ ಮಿತಿ ಇರಿಸಿದೆ (ಅಲ್ ಬಕರ: 226). ದುಡಿಮೆಗಾಗಿ ಹೋದವನು ಆಣೆ ಹಾಕಿದವನಲ್ಲ, ನಿಜ. ಆದರೂ ಸಮರ್ಪಕ ಕಾರಣವಿಲ್ಲದೆ ಆರು ತಿಂಗಳು ಮೀರಿದರೆ ಮರಳಿ ಬರಬೇಕೆಂದು ಕೇಳುವ ಹಕ್ಕು ಪತ್ನಿಗಿದೆ ಎಂದು ಹಂಬಲಿ ವಿದ್ವಾಂಸರು ಹೇಳಿದ್ದಾರೆ. ಅವಳು ಮನಸಾರೆ ಒಪ್ಪಿದರೆ ಮಾತು ಬೇರೆ. ಹಕ್ಕು ಅವಳದು, ಬಿಟ್ಟುಕೊಡಬೇಕಾದವಳೂ ಅವಳೇ.

ನಿಮ್ಮ ಮನೆಯಲ್ಲಿ ಮಗಳ ನಿಕಾಹ್‌ಗೆ ಮುಂಚೆ ವರನ ಸಂಬಳ ಕೇಳುತ್ತೀರಿ. ರಜೆ ಎಷ್ಟು ತಿಂಗಳಿಗೊಮ್ಮೆ, ಎಷ್ಟು ದಿನ, ಅವಳನ್ನು ಎಂದು ಕರೆದೊಯ್ಯುವನು ಎಂಬುದನ್ನೂ ಅಲ್ಲೇ ಕೇಳಿರಿ. ಅದಕ್ಕೂ ಮೊದಲು, ಮಗಳನ್ನು ಒಬ್ಬಳೇ ಕೂರಿಸಿಕೊಂಡು ಅವಳಿಗೆ ಇದು ಒಪ್ಪಿಗೆಯೇ ಎಂದು ಕೇಳಿರಿ.