ಇಂಜಿನ್ ಸದ್ದು ಮಾಡ್ತಿದೆ: ರಿಪೇರಿ ಮಾಡಿಸೋದಾ, ಗಾಡಿ ಬದಲಾಯಿಸೋದಾ?

ತೋಟದ ಗೆಳೆಯರು ಇತ್ತೀಚೆಗೆ ನನ್ನನ್ನು ಗೊಬ್ಬರಕ್ಕಿಂತ ಹೆಚ್ಚು ಗಾಡಿ ಬಗ್ಗೆ ಕೇಳ್ತಾರೆ. "ಹತ್ತು ವರ್ಷ ದಾಟಿದ ಲೋಡ್ ಗಾಡಿ, ಇಂಜಿನ್ ಒಳಗೆ ಏನೋ ಸದ್ದು. ಒಬ್ಬ ಮೆಕ್ಯಾನಿಕ್ ಪೂರ್ತಿ ಬಿಚ್ಚಬೇಕು ಅಂತಾನೆ, ಇನ್ನೊಬ್ಬ ಮಾರಿಬಿಡಿ ಅಂತಾನೆ. ಏನು ಮಾಡ್ಲಿ?" ಪ್ರಶ್ನೆ ಸಹಜವೇ. 2005ರಲ್ಲಿ ಟಾಟಾ ಏಸ್ ಬಂದ ಮೇಲೆ ಚಿಕ್ಕ ರೈತರೂ ಸ್ವಂತ ಗಾಡಿಯಲ್ಲಿ ತರಕಾರಿ ಸಾಗಿಸಲು ಶುರು ಮಾಡಿದರು. ಆ ಪೀಳಿಗೆಯ ಎಷ್ಟೋ ಗಾಡಿಗಳಿಗೆ ಈಗ ವಯಸ್ಸಾಗಿದೆ.

ನಾನು ಬಿಡದಿ ಕಡೆಯಿಂದ ವಾರಕ್ಕೆ ಮೂರು ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ ಬಂದು, ದೀಪಾಂಜಲಿ ನಗರ, ವಿಜಯನಗರ, ಬಸವೇಶ್ವರನಗರದ ಮನೆಗಳಿಗೆ ಸಾವಯವ ಸೊಪ್ಪು, ತರಕಾರಿ ಕೊಡ್ತೀನಿ. ಸೊಪ್ಪು ಕೊಯ್ದ ಮೇಲೆ ಕಾಯಲ್ಲ. ಗಾಡಿ ಒಂದು ಬೆಳಿಗ್ಗೆ ಕೈಕೊಟ್ಟರೆ ಗ್ಯಾರೇಜ್ ಬಿಲ್ಲಿನ ಜೊತೆಗೆ ಆ ದಿನದ ಬೆಳೆ ಹೋಗುತ್ತೆ, ಎರಡು ಸಲ ಹಾಗಾದರೆ ಗಿರಾಕಿಯೂ ಹೋಗ್ತಾರೆ. ಅದಕ್ಕೇ ಈ ವಾರದ ಪಾಠ ಇಂಜಿನ್ ಸದ್ದಿನ ಬಗ್ಗೆ.

ಮೊದಲೇ ಹೇಳಿಬಿಡ್ತೀನಿ. ಸದ್ದು ಕೇಳಿ ತೀರ್ಮಾನ ಮಾಡಬೇಡಿ. ಸದ್ದು ಎಲ್ಲಿಂದ ಬರ್ತಿದೆ ಅಂತ ಹುಡುಕಿ, ಅದಕ್ಕೆ ಬೆಲೆ ಕಟ್ಟಿ, ಮುಂದಿನ ಮೂರು ವರ್ಷದ ಲೆಕ್ಕ ಹಾಕಿ, ಆಮೇಲೆ ತೀರ್ಮಾನ ಮಾಡಿ.

ಫೋನಿನಲ್ಲಿ ಸದ್ದು ಹಿಡಿಯಿರಿ

ಗ್ಯಾರೇಜಿಗೆ ಹೋದಾಗ ಸದ್ದು ನಿಂತುಹೋಗಿರೋದು ಎಲ್ಲರ ಅನುಭವ. ಹಾಗಾಗಿ ನಾಲ್ಕು ರೆಕಾರ್ಡಿಂಗ್ ಮಾಡಿಟ್ಟುಕೊಳ್ಳಿ, ಒಂದೊಂದೂ ಅರ್ಧ ನಿಮಿಷ ಸಾಕು:

1. ಬೆಳಿಗ್ಗೆ ತಣ್ಣಗಿರುವಾಗ ಮೊದಲ ಸ್ಟಾರ್ಟ್.
2. ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್.
3. ನಿಂತಲ್ಲೇ ನಿಧಾನವಾಗಿ ಆಕ್ಸಿಲರೇಟರ್ ಒತ್ತುವಾಗ.
4. ಲೋಡ್ ಹಾಕಿಕೊಂಡು ಏರು ಹತ್ತುವಾಗ. ಇದನ್ನು ಪಕ್ಕದಲ್ಲಿ ಕೂತವರು ಮಾಡಲಿ, ಓಡಿಸುವವರಲ್ಲ.

ಜೊತೆಗೆ ಬರೆದಿಡಿ: ಸದ್ದು ಯಾವಾಗಿಂದ ಇದೆ, ಕ್ಲಚ್ ಒತ್ತಿದರೆ ಬದಲಾಗುತ್ತಾ, ಎಷ್ಟು ಕಿಲೋಮೀಟರಿಗೆ ಎಷ್ಟು ಆಯಿಲ್ ಸೇರಿಸ್ತಿದ್ದೀರಿ. ಇಷ್ಟು ಕೈಯಲ್ಲಿದ್ದರೆ ಒಳ್ಳೇ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಮುಗಿದ ಹಾಗೆ.

ಯಾವ ಸದ್ದು, ಎಷ್ಟು ಗಂಭೀರ

*ಮೇಲಿಂದ ಟಿಕ್ ಟಿಕ್:* ಇಂಜಿನ್ ತಲೆಭಾಗದಿಂದ ಬರುವ ಸಣ್ಣ, ಚುರುಕು ಸದ್ದು ಬಹುತೇಕ ಟ್ಯಾಪೆಟ್ ಸಡಿಲವಾದದ್ದು. ಫೀಲರ್ ಗೇಜ್ ಇಟ್ಟು ಅಡ್ಜಸ್ಟ್ ಮಾಡಿದರೆ ಮುಗಿಯುತ್ತೆ. ಖರ್ಚು ಕಡಿಮೆ.

*ಕುಯ್ಯ್ ಅನ್ನೋದು:* ಬೆಲ್ಟ್ ಜಾರ್ತಿದೆ. ಗರ್ ಅಂತ ಒರಟಾಗಿದ್ದರೆ ಆಲ್ಟರ್ನೇಟರ್ ಅಥವಾ ವಾಟರ್ ಪಂಪ್ ಬೇರಿಂಗ್ ಇರಬಹುದು. ಮೆಕ್ಯಾನಿಕ್ ಬೆಲ್ಟ್ ತೆಗೆದು ಕೆಲವೇ ಕ್ಷಣ ಸ್ಟಾರ್ಟ್ ಮಾಡಿದಾಗ ಸದ್ದು ಹೋದರೆ ತೊಂದರೆ ಇಂಜಿನ್ ಒಳಗಿಲ್ಲ.

*ಕ್ಲಚ್ ಜೊತೆ ಬದಲಾಗುವ ಸದ್ದು:* ಒತ್ತಿದಾಗ ಬಂದರೆ ರಿಲೀಸ್ ಬೇರಿಂಗ್. ಒತ್ತಿದಾಗ ಹೋದರೆ ಗೇರ್ ಬಾಕ್ಸ್ ಕಡೆಯ ಬೇರಿಂಗ್. ಇದನ್ನು "ಇಂಜಿನ್ ಹೋಯ್ತು" ಅಂತ ಓದಿಕೊಂಡು ಗಾಡಿ ಮಾರಿದವರಿದ್ದಾರೆ.

*ಐಡ್ಲಿಂಗ್‌ನಲ್ಲಿ ಇಡೀ ಗಾಡಿ ನಡುಗೋದು:* ಇಂಜಿನ್ ಮೌಂಟಿಂಗ್ ರಬ್ಬರ್ ನೋಡಿಸಿ. ಎರಡು ಸಿಲಿಂಡರ್ ಡೀಸೆಲ್ ಇಂಜಿನ್ ಹುಟ್ಟಿನಿಂದಲೇ ನಡುಗುತ್ತೆ, ರಬ್ಬರ್ ಹೋದರೆ ಆ ನಡುಕ ಕ್ಯಾಬಿನ್ನಿಗೆ ಬರುತ್ತೆ.

*ತಣ್ಣಗಿದ್ದಾಗ ತಟ್ಟಿ, ಬಿಸಿಯಾದಾಗ ಕಡಿಮೆ:* ಪಿಸ್ಟನ್ ಮತ್ತು ಬೋರ್ ಸವೆದಿದೆ. ಸ್ವಲ್ಪ ಇದ್ದರೆ ಇನ್ನೂ ಓಡುತ್ತೆ, ಆದರೆ ಆಯಿಲ್ ಎಷ್ಟು ಕುಡೀತಿದೆ ನೋಡ್ತಿರಬೇಕು.

*ಕೆಳಗಿಂದ ದಬ್ ದಬ್, ಲೋಡ್ ಹಾಕಿದಾಗ ಜೋರು:* ಇದೇ ಗಂಭೀರ. ಕನೆಕ್ಟಿಂಗ್ ರಾಡ್ ಬೇರಿಂಗ್ ಅಥವಾ ಕ್ರ್ಯಾಂಕ್‌ನ ಮೇನ್ ಬೇರಿಂಗ್ ಸವೆದಿರಬಹುದು. "ಈ ವಾರ ಓಡಿಸಿ ಮುಂದಿನ ವಾರ ನೋಡೋಣ" ಅಂದರೆ ಹತ್ತಾರು ಸಾವಿರದ ಕೆಲಸ ಇಡೀ ಇಂಜಿನ್ನಿನ ಬೆಲೆಗೆ ಹೋಗಬಹುದು. ರಾಡ್ ಮುರಿದರೆ ಬ್ಲಾಕೇ ಒಡೆಯುತ್ತೆ.

ಆಯಿಲ್ ಪ್ರೆಶರ್ ದೀಪ ಹತ್ತಿಕೊಂಡರೆ ಮಾತ್ರ ಯಾವ ಲೆಕ್ಕವೂ ಬೇಡ. ಅಲ್ಲೇ ಪಕ್ಕಕ್ಕೆ ಹಾಕಿ, ಇಂಜಿನ್ ನಿಲ್ಲಿಸಿ.

ಬಿಚ್ಚಿಸುವ ಮೊದಲು ಕೇಳಬೇಕಾದ ಪರೀಕ್ಷೆ

ಹೊಗೆ ನೋಡಿ. ನೀಲಿ ಇದ್ದರೆ ಆಯಿಲ್ ಉರೀತಿದೆ. ಕಪ್ಪಾಗಿದ್ದರೆ ಏರ್ ಫಿಲ್ಟರ್ ಕಟ್ಟಿದೆ ಅಥವಾ ಇಂಜೆಕ್ಟರ್ ಸರಿಯಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ಬರ್ತಾ, ನೀರೂ ಕಡಿಮೆ ಆಗ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ.

ಆಯಿಲ್ ನೋಡಿ. ಡೀಸೆಲ್ ಗಾಡಿಯ ಆಯಿಲ್ ಕಪ್ಪಾಗಿರೋದು ಸಾಮಾನ್ಯ, ಅದಕ್ಕೆ ಹೆದರಬೇಡಿ. ಹಾಲು ಬೆರೆಸಿದ ಕಾಫಿ ಥರ ಇದ್ದರೆ ನೀರು ಸೇರಿದೆ. ಡ್ರೈನ್ ಮಾಡಿದ ಆಯಿಲನ್ನು ಬಿಸಿಲಿಗೆ ಹಿಡಿದು ನೋಡಿ. ಹೊಳೆಯುವ ಪುಡಿ ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ. ಅಂಟದೆ ತಾಮ್ರದ ಬಣ್ಣ ಇದ್ದರೆ ಬೇರಿಂಗ್ ಸವೆದ ಗುರುತು.

ಎರಡು ಅಳತೆ ಕೇಳಿ: ಪ್ರತಿ ಸಿಲಿಂಡರಿನ ಕಂಪ್ರೆಶನ್, ಮತ್ತು ಬಿಸಿ ಇಂಜಿನ್ನಿನ ಆಯಿಲ್ ಪ್ರೆಶರ್. ಎರಡೂ ಸಿಲಿಂಡರ್ ಸಮನಾಗಿ, ಕಂಪನಿ ಹೇಳಿದ ಮಟ್ಟದಲ್ಲಿದ್ದರೆ ಮೇಲ್ಭಾಗ ಚೆನ್ನಾಗಿದೆ. ಒಂದು ತೀರಾ ಕೆಳಗಿದ್ದರೆ ಯಾವುದಕ್ಕೆ ಕೆಲಸ ಬೇಕು ಅಂತ ಗೊತ್ತಾಗುತ್ತೆ. ಈ ಅಳತೆ ಇಲ್ಲದೆ "ಫುಲ್ ಇಂಜಿನ್ ಕೆಲಸ" ಅಂದವರಿಗೆ ಒಪ್ಪಿಗೆ ಕೊಡಬೇಡಿ.

ಹಳೇ ಮಾದರಿಯ ಪಂಪ್ ಇರುವ ಇಂಜಿನ್ನಿನಲ್ಲಿ ಮೆಕ್ಯಾನಿಕ್‌ಗಳು ಒಂದೊಂದೇ ಇಂಜೆಕ್ಟರ್ ಪೈಪ್ ಸಡಿಲ ಮಾಡಿ ಸದ್ದು ಯಾವ ಸಿಲಿಂಡರಿನದು ಅಂತ ಪತ್ತೆ ಮಾಡ್ತಾರೆ. ಯೂಟ್ಯೂಬ್ ನೋಡಿ ನೀವು ಮಾಡಬೇಡಿ. ಕಾಮನ್ ರೈಲ್ ಇಂಜಿನ್ನಿನಲ್ಲಂತೂ ಆ ಒತ್ತಡದ ಡೀಸೆಲ್ ಚರ್ಮ ತೂರಿಕೊಂಡು ಒಳಗೆ ಹೋಗುತ್ತೆ.

ಇಂಜಿನ್ ಒಂದೇ ಗಾಡಿಯಲ್ಲ

ನಾವು ತೋಟಗಾರರು ಹಳೇ ಮಾವಿನ ತೋಟವನ್ನು ಹೇಗೆ ನೋಡ್ತೀವಿ? ಕಾಂಡ, ಬೇರು ಗಟ್ಟಿಯಿದ್ದರೆ ಕೊಂಬೆ ಕಡಿದು ಪುನಶ್ಚೇತನ ಮಾಡ್ತೀವಿ. ಕಾಂಡವನ್ನೇ ಕೊರಕ ತಿಂದಿದ್ದರೆ ಕಿತ್ತು ಹೊಸ ಸಸಿ ಇಡ್ತೀವಿ. ಗಾಡಿಗೆ ಕಾಂಡ ಅಂದರೆ ಚಾಸಿ.

ಕೆಎಸ್‌ಆರ್‌ಟಿಸಿ ಇದನ್ನೇ ದೊಡ್ಡ ಮಟ್ಟದಲ್ಲಿ ಮಾಡಿದೆ. ಕೋವಿಡ್ ನಂತರದ ವರ್ಷಗಳಲ್ಲಿ ಲಕ್ಷಾಂತರ ಕಿಲೋಮೀಟರ್ ಓಡಿದ ಸಾವಿರಕ್ಕೂ ಹೆಚ್ಚು ಬಸ್ಸುಗಳನ್ನು ಗುಜರಿಗೆ ಹಾಕದೆ ತನ್ನದೇ ಕಾರ್ಯಾಗಾರಗಳಲ್ಲಿ ಪುನಶ್ಚೇತನ ಮಾಡಿ ರಸ್ತೆಗೆ ಬಿಟ್ಟಿತು. ಹೊಸ ಬಸ್ಸಿನ ಬೆಲೆಯ ಸಣ್ಣ ಪಾಲಿನಲ್ಲಿ ಆ ಕೆಲಸ ಮುಗೀತು. ಹಾಗಂತ ಎಲ್ಲ ಹಳೇ ಬಸ್ಸನ್ನೂ ಉಳಿಸಿಕೊಳ್ಳಲಿಲ್ಲ. ಆರಿಸಿದ್ದೇ ಮುಖ್ಯ.

ನೀವೂ ಗಾಡಿ ಕೆಳಗೆ ಮಲಗಿ ನೋಡಿ. ಗೊಬ್ಬರ, ಹಸಿ ಸೊಪ್ಪಿನ ನೀರು ಸಾಗಿಸುವ ಗಾಡಿಯಲ್ಲಿ ತುಕ್ಕು ಬೇಗ ಹಿಡಿಯುತ್ತೆ. ಚಾಸಿಯಲ್ಲಿ ಬಿರುಕು, ಪದರ ಪದರವಾಗಿ ಏಳುವ ತುಕ್ಕು ಇದ್ದರೆ ಇಂಜಿನ್ನಿಗೆ ಹಣ ಹಾಕಬೇಡಿ.

ಆಮೇಲೆ ಕಾಗದ. ಹಳದಿ ಬೋರ್ಡ್ ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. 15 ವರ್ಷ ದಾಟಿದ ಗಾಡಿಗಳ ಎಫ್‌ಸಿ ಶುಲ್ಕವನ್ನು 2022ರ ಏಪ್ರಿಲ್‌ನಿಂದ ಬಹಳ ಏರಿಸಿದ್ದಾರೆ. ಈಗಿನ ದರ ಪರಿವಾಹನ್ ಜಾಲತಾಣದಲ್ಲಿ ನೋಡಿಕೊಳ್ಳಿ. ಹಾಗಾಗಿ 14 ವರ್ಷದ ಗಾಡಿಗೆ ಮಾಡುವ ಖರ್ಚು ಬೇರೆ, 10 ವರ್ಷದ ಗಾಡಿಗೆ ಮಾಡುವ ಖರ್ಚು ಬೇರೆ. "10 ವರ್ಷ ಆದ ಡೀಸೆಲ್ ಗಾಡಿ ಬ್ಯಾನ್" ಅಂತ ಬ್ರೋಕರ್ ಹೆದರಿಸಿದರೆ ನಂಬಬೇಡಿ. ಅದು ದಿಲ್ಲಿ ಸುತ್ತಮುತ್ತಲಿಗೆ ಸಂಬಂಧಿಸಿದ ಆದೇಶ.

ಮೂರು ವರ್ಷದ ಲೆಕ್ಕ

ರಿಪೇರಿ ಬಿಲ್ಲನ್ನು ಹೊಸ ಗಾಡಿಯ ಬೆಲೆ ಜೊತೆ ಹೋಲಿಸಿದರೆ ರಿಪೇರಿ ಯಾವಾಗಲೂ ಅಗ್ಗ ಅನ್ನಿಸುತ್ತೆ. ಹಳೇ ಗಾಡಿಯ ಬೆಲೆ ಜೊತೆ ಹೋಲಿಸಿದರೆ ಯಾವಾಗಲೂ ದುಬಾರಿ ಅನ್ನಿಸುತ್ತೆ. ಎರಡೂ ಸರಿಯಲ್ಲ. ಕೆಳಗಿನ ಅಂಕಿಗಳು ಲೆಕ್ಕದ ದಾರಿ ತೋರಿಸಲು ನಾನು ಇಟ್ಟವು. ನಿಮ್ಮ ಅಂಕಿ ನೀವು ಹಾಕಿಕೊಳ್ಳಿ.

*ಹಳೇ ಗಾಡಿ ಉಳಿಸಿಕೊಂಡರೆ:*
- ಇವತ್ತು ಇದ್ದ ಹಾಗೆ ಮಾರಿದ್ದರೆ ಸಿಗುತ್ತಿದ್ದ ಹಣ: 1,10,000
- ಇಂಜಿನ್ ಕೆಲಸ: 55,000
- ಉಳಿದ ರಿಪೇರಿ, ವರ್ಷಕ್ಕೆ 35,000ದಂತೆ: 1,05,000
- ಗಾಡಿ ನಿಂತ ದಿನಗಳ ಬಾಡಿಗೆ, ವರ್ಷಕ್ಕೆ 6 ದಿನ, ದಿನಕ್ಕೆ 2,500: 45,000
- ಮೂರು ವರ್ಷದ ಮೇಲೆ ಮಾರಿದರೆ ವಾಪಸ್: 80,000
- ನಿವ್ವಳ ಖರ್ಚು: 2,35,000. ವರ್ಷಕ್ಕೆ ಸುಮಾರು 78,000.

*ಹೊಸದು ತಗೊಂಡರೆ:*
- ಆನ್ ರೋಡ್ ಬೆಲೆ: 6,00,000
- 4,80,000 ಸಾಲ, ಶೇ. 11 ಬಡ್ಡಿ, 48 ಕಂತು, ತಿಂಗಳಿಗೆ ಸುಮಾರು 12,400. ಮೊದಲ ಮೂರು ವರ್ಷದ ಬಡ್ಡಿ: ಸುಮಾರು 1,07,000
- ಸರ್ವಿಸ್, ಮೂರು ವರ್ಷಕ್ಕೆ: 36,000
- ಹೆಚ್ಚುವರಿ ವಿಮೆ: 30,000
- ನಿಂತ ದಿನ, ವರ್ಷಕ್ಕೆ ಒಂದು: 7,500
- ಮೂರು ವರ್ಷದ ಮೇಲೆ ಗಾಡಿಯ ಬೆಲೆ: 3,60,000
- ನಿವ್ವಳ ಖರ್ಚು: 4,20,500. ವರ್ಷಕ್ಕೆ ಸುಮಾರು 1,40,000.

ಡೀಸೆಲ್ ಎರಡಕ್ಕೂ ಒಂದೇ ಅಂತ ಇಟ್ಟುಕೊಂಡಿದ್ದೀನಿ. ಈ ಲೆಕ್ಕದಲ್ಲಿ ಹಳೇದು ಗೆಲ್ಲುತ್ತೆ. ಆದರೆ ಇದು ಗಾಡಿ ನಿಂತಾಗ ಬಾಡಿಗೆ ಗಾಡಿ ಸಿಕ್ಕಿದರೆ ಮಾತ್ರ. ಬೆಳಗಿನ ಜಾವ ಮೂರು ಗಂಟೆಗೆ ಸಿಗದೆ 8,000 ರೂಪಾಯಿಯ ಸೊಪ್ಪು ಬಾಡಿತು ಅಂತಿಟ್ಟುಕೊಳ್ಳಿ. ಅಂಥ ದಿನ ವರ್ಷಕ್ಕೆ ಎಂಟು ಸೇರಿದರೆ ಮೂರು ವರ್ಷಕ್ಕೆ 1,92,000. ಹಳೇ ಗಾಡಿಯ ಉಳಿತಾಯ ಪೂರ್ತಿ ಕರಗಿತು. ಅಂದರೆ ತೀರ್ಮಾನ ಮಾಡೋದು ಇಂಜಿನ್ ಬಿಲ್ಲಿಗಿಂತ ಹೆಚ್ಚಾಗಿ ಗಾಡಿ ನಿಲ್ಲುವ ದಿನಗಳು. ಕಳೆದ ವರ್ಷ ನಿಮ್ಮ ಗಾಡಿ ಎಷ್ಟು ದಿನ ನಿಂತಿತ್ತು, ಎಣಿಸಿ. ತೆಂಗು, ರಾಗಿ ಸಾಗಿಸುವವರಿಗೆ ಒಂದು ದಿನ ತಡವಾದರೆ ನಷ್ಟ ಕಮ್ಮಿ. ಸೊಪ್ಪು, ಹೂವು, ಹಾಲು ಸಾಗಿಸುವವರ ಕಥೆಯೇ ಬೇರೆ.

ವಾರಕ್ಕೆ ಒಂದೇ ಟ್ರಿಪ್ ಇರುವವರು ಮೂರನೇ ದಾರಿಯನ್ನೂ ನೋಡಿ. ವರ್ಷಕ್ಕೆ 52 ಟ್ರಿಪ್ ಬಾಡಿಗೆ 2,500ರಂತೆ 1,30,000. ಸ್ವಂತ ಹಳೇ ಗಾಡಿಯ 78,000ಕ್ಕೆ ಟ್ರಿಪ್‌ಗೆ 800ರ ಡೀಸೆಲ್ ಸೇರಿಸಿದರೆ ಸುಮಾರು 1,20,000. ಹತ್ತಿರ ಹತ್ತಿರ ಅಷ್ಟೇ. ಇಬ್ಬರು ರೈತರು ಬಾಡಿಗೆ ಹಂಚಿಕೊಂಡರೆ ಗಾಡಿಯೇ ಬೇಡ.

ನನ್ನ ಗಾಡಿಗೆ ಏನಾಯ್ತು

ನನ್ನದು ಎರಡು ಸಿಲಿಂಡರ್ ಡೀಸೆಲ್, 11 ವರ್ಷ ಹಳೇದು. ಕೆಂಗೇರಿ ದಾಟಿ ನಾಯಂಡಹಳ್ಳಿ ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವಾಗ ಕೆಳಗಿಂದ ತಟ್ಟುವ ಸದ್ದು ಶುರುವಾಯ್ತು. ಒಂದು ಗ್ಯಾರೇಜಿನಲ್ಲಿ ಬಾನೆಟ್ ಮೇಲೆ ಕೈಯಿಟ್ಟೇ "ಇಂಜಿನ್ ಮುಗೀತು, ಎಕ್ಸ್‌ಚೇಂಜ್ ಹಾಕಿ" ಅಂದರು. ದೀಪಾಂಜಲಿ ನಗರದ ಒಳರಸ್ತೆಯ ಇನ್ನೊಬ್ಬ ಮೆಕ್ಯಾನಿಕ್ ಕಂಪ್ರೆಶನ್ ನೋಡಿದರು. ಎರಡೂ ಸಮನಾಗಿತ್ತು. ಸಂಪ್ ಇಳಿಸಿದಾಗ ಒಂದು ರಾಡಿನ ಬೇರಿಂಗ್ ಸವೆದಿತ್ತು. ಕ್ರ್ಯಾಂಕ್ ಅಳೆಸಿ, ಉಜ್ಜಿಸಿ, ಅಂಡರ್‌ಸೈಜ್ ಬೇರಿಂಗ್ ಹಾಕಿ, ಆಯಿಲ್ ಪಂಪನ್ನೂ ಬದಲಾಯಿಸಿದೆವು. ಚಾಸಿ ಗಟ್ಟಿಯಿತ್ತು, 15 ವರ್ಷಕ್ಕೆ ಇನ್ನೂ ನಾಲ್ಕು ವರ್ಷ ಇತ್ತು. ಅದಕ್ಕೇ ರಿಪೇರಿ ಮಾಡಿಸಿದೆ.

ಜೊತೆಗೆ ಎರಡು ಗೆರೆ ಎಳೆದುಕೊಂಡೆ. ಒಂದು, ವರ್ಷದಲ್ಲಿ ಆರಕ್ಕಿಂತ ಹೆಚ್ಚು ಬೆಳಿಗ್ಗೆ ನಿಂತರೆ ಮಾರೋದು, ಮತ್ತೆ ದೊಡ್ಡ ರಿಪೇರಿ ಇಲ್ಲ. ಎರಡು, ಕಟ್ಟದೆ ಉಳಿದ ಕಂತಿನ ಅರ್ಧ, ತಿಂಗಳಿಗೆ 6,000, ಆರ್‌ಡಿಗೆ ಹಾಕೋದು. ಮೂರು ವರ್ಷಕ್ಕೆ 2,16,000 ಅಸಲೇ ಆಗುತ್ತೆ. ಮುಂದಿನ ಗಾಡಿಗೆ ಸಾಲ ಅಷ್ಟು ಕಡಿಮೆ.

ಹಣ ಕೊಡುವ ಮೊದಲು

ರಿಪೇರಿ ಮಾಡಿಸೋದಾದರೆ ಎಸ್ಟಿಮೇಟ್ ಬರೆಸಿಕೊಳ್ಳಿ. "ಬಿಚ್ಚಿದ ಮೇಲೆ ಹೆಚ್ಚಾದರೆ ಫೋನ್ ಮಾಡಿ ಕೇಳಬೇಕು" ಅಂತ ಅದರಲ್ಲೇ ಸೇರಿಸಿ. ತೆಗೆದ ಹಳೇ ಭಾಗ ವಾಪಸ್ ಕೇಳಿ, ಸ್ಪೇರಿಗೆ ಬಿಲ್ ಪಡೆಯಿರಿ. ಬೇರೆ ಇಂಜಿನ್ ಕೂರಿಸಿದರೆ ಅದರ ಖರೀದಿ ಕಾಗದ ಇಟ್ಟುಕೊಂಡು ಆರ್‌ಟಿಒದಲ್ಲಿ ಆರ್‌ಸಿಯ ಇಂಜಿನ್ ನಂಬರ್ ಬದಲಾಯಿಸಿ. ಇಲ್ಲದಿದ್ದರೆ ಎಫ್‌ಸಿಗೂ ವಿಮೆಗೂ ತಕರಾರು ಬರುತ್ತೆ.

ಮಾರೋದಾದರೆ ಆರ್‌ಸಿ ಹೆಸರು ಬದಲಾಗುವ ತನಕ ಬೆನ್ನು ಬಿಡಬೇಡಿ. ಗುಜರಿಗೆ ಹಾಕೋದಾದರೆ ಸರ್ಕಾರದ ನೋಂದಣಿ ಇರುವ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು ಠೇವಣಿ ಪ್ರಮಾಣಪತ್ರ ಪಡೆಯಿರಿ. ಅದರ ಮೇಲೆ ಹೊಸ ಸಾರಿಗೆ ವಾಹನದ ತೆರಿಗೆಯಲ್ಲಿ ಶೇ. 15ರವರೆಗೆ ರಿಯಾಯಿತಿಗೆ ಕೇಂದ್ರದ 2021ರ ನಿಯಮದಲ್ಲಿ ಅವಕಾಶ ಇದೆ. ಈಗ ಎಷ್ಟು ಸಿಗುತ್ತೆ ಅಂತ ಆರ್‌ಟಿಒದಲ್ಲಿ ಕೇಳಿ.

ಈ ವಾರ ನಿಮಗೆ ಮನೆಕೆಲಸ ಇಷ್ಟೇ: ನಾಲ್ಕು ರೆಕಾರ್ಡಿಂಗ್ ಮಾಡಿ, ಕಳೆದ ವರ್ಷ ಗಾಡಿ ನಿಂತ ದಿನ ಎಣಿಸಿ, ಚಾಸಿಯ ಒಂದು ಫೋಟೋ ತೆಗೆಯಿರಿ. ಇವು ಫೋನಿನಲ್ಲಿದ್ದರೆ ಯಾವ ಗ್ಯಾರೇಜಿಗೆ ಹೋದರೂ ನಿಮ್ಮ ಮಾತಿಗೆ ತೂಕ ಇರುತ್ತೆ.