45 ಲಕ್ಷದ ಮನೆ ಎಲ್ಲಿದೆ ಸ್ವಾಮಿ?

ಸರ್ಕಾರದ ಕಡತದಲ್ಲಿ ಬೆಂಗಳೂರಿನ ‘ಕೈಗೆಟುಕುವ ಮನೆ’ ಎಂದರೆ 45 ಲಕ್ಷ ರೂಪಾಯಿಯೊಳಗಿನದು. ಕಾರ್ಪೆಟ್ ಏರಿಯಾ 60 ಚದರ ಮೀಟರ್, ಅಂದರೆ ಸುಮಾರು 645 ಚದರಡಿ ಮೀರಬಾರದು. ಎರಡೂ ಕೂಡಿಬಂದರೆ ಕಟ್ಟುತ್ತಿರುವ ಫ್ಲ್ಯಾಟಿಗೆ ಜಿಎಸ್‌ಟಿ ಶೇ 1, ಇಲ್ಲವಾದರೆ ಶೇ 5. ಈ ಲೆಕ್ಕ ಜಾರಿಗೆ ಬಂದದ್ದು 2019ರ ಏಪ್ರಿಲ್‌ನಲ್ಲಿ. ನಾನೂ ನನ್ನ ಹೆಂಡತಿಯೂ 2025ರಲ್ಲಿ ಮನೆ ಹುಡುಕಲು ಹೊರಟಾಗಲೂ ಅದೇ 45.

ಬಾಡಿಗೆ ಮನೆಯಲ್ಲಿ ವರ್ಷಗಟ್ಟಲೆ ಇದ್ದು, ಮಾಲೀಕರು ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಏರಿಸುವುದನ್ನು ನೋಡಿ ಸಾಕಾಗಿತ್ತು. ಕೆಂಗೇರಿ, ಉತ್ತರಹಳ್ಳಿ, ಕನಕಪುರ ರಸ್ತೆಯ ಆಸುಪಾಸು ಎರಡು ಬೆಡ್‌ರೂಮಿನ ಮನೆ ಸಾಕು ಅಂದುಕೊಂಡೆವು. ಬ್ರೋಕರ್‌ಗೆ 45 ಲಕ್ಷ ಎಂದು ಹೇಳಿದಾಗ ಆತ ನಗಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವನು. “ಆ ರೇಟಿಗೆ ಬಿ ಖಾತಾ ಸಿಗುತ್ತೆ ಸಾರ್, ಬೋರ್‌ವೆಲ್ ನೀರು. ಆದ್ರೆ ಬ್ಯಾಂಕ್‌ನೋರು ಲೋನ್ ಕೊಡಲ್ಲ. ಕ್ಯಾಷ್ ಇದ್ರೆ ಹೇಳಿ” ಅಂದ. ಕ್ಯಾಷ್ ಇದ್ದಿದ್ದರೆ ಆ ರೇಟು ಯಾಕೆ ಕೇಳುತ್ತಿದ್ದೆ?

ಕೊನೆಗೆ ಕೈಗೆ ಬಂದದ್ದು ಹಳೆಯ ಫ್ಲ್ಯಾಟು, 80 ಲಕ್ಷಕ್ಕೆ. ಒಪ್ಪಂದಕ್ಕೆ ಸಹಿ ಹಾಕುವಾಗ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1 ಇತ್ತು. ಬ್ಯಾಂಕಿನ ಕಾಗದಪತ್ರ ಮುಗಿದು ಉಪನೋಂದಣಾಧಿಕಾರಿ ಕಚೇರಿಗೆ ಹೋಗುವಷ್ಟರಲ್ಲಿ, 2025ರ ಆಗಸ್ಟ್ 31ರಿಂದ ಅದು ಶೇ 2 ಆಗಿತ್ತು. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6, ಅದರ ಮೇಲೆ ಈ ಎರಡು. ಒಟ್ಟು 6 ಲಕ್ಷದ 8 ಸಾವಿರ. ಇಷ್ಟನ್ನೂ ಕೈಯಿಂದಲೇ ಕೊಡಬೇಕು, ಏಕೆಂದರೆ ಸಾಲದ ಮಿತಿ ಲೆಕ್ಕ ಹಾಕುವಾಗ ಬ್ಯಾಂಕು ನೋಂದಣಿ ಖರ್ಚನ್ನು ಮನೆಯ ಬೆಲೆಗೆ ಸೇರಿಸುವುದಿಲ್ಲ. ಹೆಂಡತಿಯ ಬಳೆಗಳು ಆ ವಾರ ಚಿನ್ನದ ಸಾಲದ ಕೌಂಟರಿಗೆ ಹೋದವು.

ರಾಜಕಾರಣಿಗಳಿಗೆ ನಗರದ ಮನೆ ಬೆಲೆ ಗೊತ್ತಿಲ್ಲ ಎಂದು ಸ್ನೇಹಿತರು ಬೈಯುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಚೆನ್ನಾಗಿಯೇ ಗೊತ್ತು. 2023ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಮಾರ್ಗಸೂಚಿ ದರವನ್ನು ಸರಾಸರಿ ಶೇ 30ರಷ್ಟು ಏರಿಸಿದಾಗ ಕೊಟ್ಟ ಕಾರಣವೇ, ಮಾರುಕಟ್ಟೆ ದರಕ್ಕೂ ಸರ್ಕಾರದ ದರಕ್ಕೂ ಅಂತರ ಹೆಚ್ಚಾಗಿದೆ ಎಂಬುದು. ಚುನಾವಣೆಗೆ ನಿಲ್ಲುವವರು ಪ್ರಮಾಣಪತ್ರದಲ್ಲಿ ತಮ್ಮ ಮನೆ, ಸೈಟುಗಳ ಕೊಂಡಾಗಿನ ಬೆಲೆಯನ್ನೂ ಈಗಿನ ಬೆಲೆಯನ್ನೂ ಬರೆಯಲೇಬೇಕು. ಐದು ವರ್ಷಕ್ಕೊಮ್ಮೆ ಕೈಯಾರೆ ಬರೆದು ಸಹಿ ಹಾಕಿದವರಿಗೆ ಬೆಲೆ ಗೊತ್ತಿಲ್ಲ ಎಂದರೆ ನಂಬುವುದು ಹೇಗೆ? ಅದೂ ಸಾಲದೆಂದು, 2025ರ ಮಾರ್ಚ್‌ನಲ್ಲಿ ಗದ್ದಲದ ನಡುವೆ ಚರ್ಚೆಯಿಲ್ಲದೆ ಅಂಗೀಕಾರವಾದ ಮಸೂದೆ ಸಚಿವರ ಮನೆ ಬಾಡಿಗೆ ಭತ್ಯೆಯನ್ನು ತಿಂಗಳಿಗೆ 1.2 ಲಕ್ಷದಿಂದ 2.5 ಲಕ್ಷಕ್ಕೆ ಏರಿಸಿತು. ನನ್ನ ಸಾಲದ ಐದು ಕಂತು ಅದು.

ಅಂದರೆ ತೆಗೆದುಕೊಳ್ಳುವ ಅಂಕಿಗಳಿಗೆ ಕಾಲು ಬಂದಿದೆ, ಕೊಡುವ ಅಂಕಿಗಳು ಕೂತಲ್ಲೇ ಕೂತಿವೆ. ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಸಿಗುವ ವಿನಾಯಿತಿ ವರ್ಷಕ್ಕೆ 2 ಲಕ್ಷ. ಅದನ್ನು ನಿಗದಿ ಮಾಡಿದ್ದು 2014ರ ಬಜೆಟ್ಟಿನಲ್ಲಿ. ನಮ್ಮದು 60 ಲಕ್ಷದ ಸಾಲ, ಶೇ 8ರ ಬಡ್ಡಿ, 20 ವರ್ಷ. ಕಂತು 50 ಸಾವಿರ ಚಿಲ್ಲರೆ. ಮೊದಲ ವರ್ಷದ ಬಡ್ಡಿಯೇ 4.75 ಲಕ್ಷ. ಹೊಸ ತೆರಿಗೆ ಪದ್ಧತಿಗೆ ಹೋದರೆ ಆ 2 ಲಕ್ಷವೂ ಇಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೇ ಸುತ್ತಿನಲ್ಲಿ ಬಡ್ಡಿ ಸಹಾಯಧನ ಬೇಕೆಂದರೆ ಮನೆಯ ಬೆಲೆ 35 ಲಕ್ಷ ದಾಟಬಾರದು, ಕುಟುಂಬದ ವಾರ್ಷಿಕ ಆದಾಯ 9 ಲಕ್ಷ ಮೀರಬಾರದು. ಬೆಂಗಳೂರಿನಲ್ಲಿ ಆ ಬಾಗಿಲು ಬಹುತೇಕ ಗೋಡೆಗೆ ಬರೆದ ಚಿತ್ರ.

ಇನ್ನೊಂದು ತಮಾಷೆ ಕೇಳಿ. 60 ಚದರ ಮೀಟರಿನ ಮಿತಿ ಮಹಾನಗರಗಳಿಗೆ ಮಾತ್ರ, ಉಳಿದ ಊರುಗಳಿಗೆ 90. ಇಲ್ಲಿ ಬೆಂಗಳೂರು ಮಹಾನಗರ. ಆದರೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ ಬಂದರೆ, 1962ರ ಆದಾಯ ತೆರಿಗೆ ನಿಯಮಗಳು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗಳಿಗೆ ಸಂಬಳದ ಶೇ 50ರ ಮಿತಿ ಕೊಟ್ಟು, ಬೆಂಗಳೂರನ್ನು ದಶಕಗಳ ಕಾಲ ಶೇ 40ರಲ್ಲೇ ಕೂರಿಸಿದ್ದವು. ರಿಯಾಯಿತಿ ಮೊಟಕು ಮಾಡುವಾಗ ಮಹಾನಗರ, ಹೆಚ್ಚು ಕೊಡಬೇಕಾದಾಗ ಹತ್ತರಲ್ಲಿ ಹನ್ನೊಂದು. ಬಾಡಿಗೆಗಿದ್ದಾಗ ನಾನು ವರ್ಷ ವರ್ಷವೂ ಈ ಕಾಲಂ ತುಂಬುತ್ತ ಗೊಣಗುತ್ತಿದ್ದೆ.

ಅಂಕಿ ಬದಲಿಸುವುದೇನು ಬ್ರಹ್ಮವಿದ್ಯೆಯಲ್ಲ. ಆದ್ಯತಾ ವಲಯದ ಸಾಲದ ಲೆಕ್ಕದಲ್ಲಿ ರಿಸರ್ವ್ ಬ್ಯಾಂಕು ಕೂಡ ಮಹಾನಗರದ ಮನೆಗೆ 45 ಲಕ್ಷದ ಮಿತಿಯನ್ನೇ ಇಟ್ಟುಕೊಂಡಿತ್ತು. 2025ರ ಏಪ್ರಿಲ್‌ನಿಂದ, 50 ಲಕ್ಷ ಜನಸಂಖ್ಯೆ ಮೀರಿದ ನಗರಗಳಲ್ಲಿ ಅದನ್ನು 63 ಲಕ್ಷಕ್ಕೆ ಒಯ್ದಿತು. ಅದೂ ಕಡಿಮೆಯೇ. ಆದರೂ ಒಂದು ಸುತ್ತೋಲೆಯಲ್ಲಿ ಮುಗಿದ ಕೆಲಸ. ವೋಟು ಕೇಳದ ಸಂಸ್ಥೆಗೆ ಕಂಡದ್ದು ವೋಟು ಕೇಳುವವರಿಗೆ ಯಾಕೆ ಕಾಣಲಿಲ್ಲವೋ.

ಈಗ ಮನೆ ನೋಡುತ್ತಿರುವವರಿಗೆ ಎರಡು ಮಾತು. ಬೆಲೆಯ ಶೇ 8ರಷ್ಟನ್ನು ನೋಂದಣಿಗೆಂದೇ ಎತ್ತಿಡಿ. ಮುಂಗಡಕ್ಕೆ ಕೂಡಿಟ್ಟ ದುಡ್ಡಿನಲ್ಲಿ ಅದನ್ನು ಸೇರಿಸಬೇಡಿ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಸಾಲವನ್ನು ಜಂಟಿಯಾಗಿ ಪಡೆಯಿರಿ, ಹಳೆಯ ತೆರಿಗೆ ಪದ್ಧತಿಯಲ್ಲಿ ಒಬ್ಬೊಬ್ಬರಿಗೂ 2 ಲಕ್ಷದವರೆಗೆ ಬಡ್ಡಿ ವಿನಾಯಿತಿ ಸಿಗುತ್ತದೆ. ಆದರೆ ಸಾಲದ ಕಾಗದದಲ್ಲಿ ಹೆಸರಿದ್ದರೆ ಸಾಲದು, ಕ್ರಯಪತ್ರದಲ್ಲೂ ಇಬ್ಬರ ಹೆಸರು ಇರಬೇಕು, ಕಂತನ್ನೂ ಇಬ್ಬರೂ ಕಟ್ಟುತ್ತಿರಬೇಕು. ನಮ್ಮ ಕ್ರಯಪತ್ರದ ಕರಡಿನಲ್ಲಿ ನನ್ನೊಬ್ಬನ ಹೆಸರೇ ಇತ್ತು. ಓದಿ ತಿದ್ದಿಸಿದವಳು ಬಳೆ ಅಡವಿಟ್ಟವಳು.